ರೂಟರ್ ನಿಂತದ್ದಕ್ಕೆ ಮಗನನ್ನು ಬೈಯುವ ಮುನ್ನ





ಹಾಸನ ತಾಲೂಕಿನಲ್ಲಿ, ಹೊಯ್ಸಳರ ಕಾಲದ ಬೂಚೇಶ್ವರ ದೇವಾಲಯವಿರುವ ಕೊರವಂಗಲದಿಂದ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಪತಿ ದುಬೈಯಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ಅತ್ತೆ, ಪಿಯುಸಿ ಮುಗಿಸಿದ ಮಗ, ಹತ್ತನೇ ತರಗತಿಯ ಮಗಳು. ಫೈಬರ್ ಇಂಟರ್‌ನೆಟ್ ಹಾಕಿಸಿ ವರ್ಷವಾಗಿದೆ. ಮಗ ಕಂಪ್ಯೂಟರಿನಲ್ಲಿ ದೊಡ್ಡ ಗೇಮ್ ಒಂದನ್ನು ಡೌನ್‌ಲೋಡ್‌ಗೆ ಹಾಕಿದರೆ ಅರ್ಧ ಗಂಟೆಯೊಳಗೆ ಇಡೀ ಮನೆಯ ಇಂಟರ್‌ನೆಟ್ ನಿಂತುಹೋಗುತ್ತಿತ್ತು. ಮಗಳ ಆನ್‌ಲೈನ್ ತಜ್‌ವೀದ್ ತರಗತಿ ಅರ್ಧಕ್ಕೇ ಕಡಿಯುತ್ತಿತ್ತು. ಪತಿಯ ಬೊಟಿಮ್ ಕರೆ ಬರುತ್ತಿರಲಿಲ್ಲ. "ಆ ಗೇಮಿನ ದೆಸೆಯಿಂದ ಪೆಟ್ಟಿಗೆಯೇ ಸುಟ್ಟುಹೋಯಿತು" ಎಂದು ಅತ್ತೆ ಹೇಳಿದರು. ಅಬ್ಬಾ ಫೋನಿನಲ್ಲೇ ಗದರಿದರು. ಕಂಪ್ಯೂಟರಿನ ವೈರು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. "ನಾನೇನೂ ಕೆಡಿಸಿಲ್ಲ ಅಮ್ಮೀ" ಎಂದ ಮಗನ ಮಾತನ್ನು ಯಾರೂ ನಂಬಲಿಲ್ಲ. ಅಂದಿನಿಂದ ಅವನು ಮನೆಯವರೊಂದಿಗೆ ಸರಿಯಾಗಿ ಮಾತನಾಡುತ್ತಿಲ್ಲ.

ಹತ್ತು ದಿನ ಕಳೆಯಿತು. ಒಂದು ಸಂಜೆ ಮಗಳು ಪರೀಕ್ಷೆಗಾಗಿ ಪಾಠದ ವೀಡಿಯೋಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳತೊಡಗಿದಳು. ಕಂಪ್ಯೂಟರಿನ ವೈರು ಬೀರುವಿನಲ್ಲೇ ಇತ್ತು. ಇಂಟರ್‌ನೆಟ್ ಮತ್ತೆ ಹಾಗೆಯೇ ನಿಂತಿತು. "ಈಗ ಯಾರನ್ನು ಬೈಯಲಿ?" ಎಂದು ಆ ತಾಯಿ ಕೇಳಿದ್ದಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಮ್ಮ ಬಹಳಷ್ಟು ಮನೆಗಳಲ್ಲಿ ಯಂತ್ರ ಕೆಟ್ಟಾಗ ನಡೆಯುವುದು ಇದೇ. ಯಾರಿಂದಲೇ ಆಗಲಿ, ಸುದ್ದಿಯೊಂದು ಕಿವಿಗೆ ಬಿದ್ದೊಡನೆ ತೀರ್ಪು ಕೊಡದೆ ಪರಿಶೀಲಿಸುವ ಶಿಸ್ತನ್ನು ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ 6ನೇ ಸೂಕ್ತದಿಂದ ನಾವು ಕಲಿಯುತ್ತೇವೆ. ಅದೇ ಅಧ್ಯಾಯದ 12ನೇ ಸೂಕ್ತ ಗುಮಾನಿಯ ಬಗ್ಗೆ ಎಚ್ಚರಿಸುತ್ತದೆ. ನೆರೆಹೊರೆಯವರ ವಿಷಯ ಬಂದಾಗ ಈ ಎರಡನ್ನೂ ನೆನಪಿಸಿಕೊಳ್ಳುವ ನಾವು ನಮ್ಮದೇ ಮಕ್ಕಳ ವಿಷಯದಲ್ಲಿ ಮರೆತುಬಿಡುತ್ತೇವೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ಮಗ ಆ ಗೇಮ್ ಆಡಬೇಕೇ, ಬೇಡವೇ ಎಂಬುದು ಒಂದು. ರೂಟರ್ ನಿಲ್ಲಲು ಕಾರಣವೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ತಾಯ್ತಂದೆಯರ ವಿವೇಚನೆಯಲ್ಲಿದೆ. ಎರಡನೆಯದಕ್ಕೆ ಉತ್ತರ ಆ ಪೆಟ್ಟಿಗೆಯಲ್ಲೇ ಇದೆ. ಎರಡನ್ನೂ ಬೆರೆಸಿದರೆ ಯಾವುದಕ್ಕೂ ಸರಿಯಾದ ಉತ್ತರ ಸಿಗದು. ಈ ತಿಂಗಳು ಎರಡನೆಯದನ್ನು ಹುಡುಕುವ ದಾರಿ ನೋಡೋಣ. ಇದಕ್ಕೆ ಇಂಜಿನಿಯರ್ ಆಗಬೇಕಿಲ್ಲ. ಒಂದು ನೋಟ್ ಪುಸ್ತಕ, ಒಂದು ಪೆನ್ನು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲು ಒಂದು ಲೆಕ್ಕ. ಇಂದಿನ ದೊಡ್ಡ ಕಂಪ್ಯೂಟರ್ ಗೇಮ್‌ಗಳಲ್ಲಿ ಕೆಲವು 100 ಜಿಬಿಯಷ್ಟಿರುತ್ತವೆ. ನಿಮ್ಮ ಸಂಪರ್ಕ 40 ಎಂಬಿಪಿಎಸ್ ವೇಗದ್ದಾದರೆ ಅದು ಪೂರ್ತಿ ಇಳಿಯಲು ಐದೂವರೆ ಗಂಟೆ ಬೇಕು. ಫೋನಿನಲ್ಲಿ ನಾವು ಸಂದೇಶ ಓದುತ್ತೇವೆ, ಚಿತ್ರ ನೋಡುತ್ತೇವೆ, ಕೆಳಗಿಡುತ್ತೇವೆ. ಆಗ ರೂಟರಿಗೆ ಕ್ಷಣಕ್ಷಣಕ್ಕೂ ಬಿಡುವು ಸಿಗುತ್ತದೆ. ಗೇಮ್ ಇಳಿಯುವಾಗ ಐದೂವರೆ ಗಂಟೆ ಒಂದು ನಿಮಿಷದ ಬಿಡುವೂ ಇಲ್ಲ. ಮದುವೆ ಮನೆಯ ದೇಗು ಹೊತ್ತ ಒಲೆಯಂತೆ ಅದು ಉರಿಯುತ್ತಲೇ ಇರಬೇಕು. ಒಲೆಯ ಒಂದು ಕಲ್ಲು ಸಡಿಲವಾಗಿದ್ದರೆ ಚಹಾ ಕಾಯಿಸುವಾಗ ಗೊತ್ತಾಗದು, ದೇಗು ಇಟ್ಟಾಗ ಗೊತ್ತಾಗುತ್ತದೆ. ಗೇಮ್ ಆ ಕಲ್ಲನ್ನು ಸಡಿಲ ಮಾಡಿದ್ದಲ್ಲ. ಮೊದಲೇ ಸಡಿಲವಾಗಿದ್ದುದನ್ನು ತೋರಿಸಿಕೊಟ್ಟಿತು, ಅಷ್ಟೆ. ಮಗಳ ಪಾಠದ ವೀಡಿಯೋಗಳೂ ಅದನ್ನೇ ತೋರಿಸಿದವು.

ಹಾಗಾದರೆ ಸಡಿಲವಾದ ಕಲ್ಲು ಯಾವುದು? ಇಂಟರ್‌ನೆಟ್ ನಿಂತ ಕೂಡಲೇ ಪ್ಲಗ್ ಕಿತ್ತು ಮತ್ತೆ ಹಾಕುವುದು ನಮ್ಮ ಅಭ್ಯಾಸ. ಹಾಗೆ ಮಾಡಿದರೆ ಸಾಕ್ಷಿ ಅಳಿಸಿಹೋಗುತ್ತದೆ. ಒಂದೇ ಒಂದು ನಿಮಿಷ ಕೈ ಹಾಕದೆ ದೀಪಗಳನ್ನು ನೋಡಿ.

ಎಲ್ಲ ದೀಪಗಳೂ ಒಮ್ಮೆಲೇ ಆರಿ, ಬಳಿಕ ಒಂದೊಂದಾಗಿ ಹತ್ತಿಕೊಳ್ಳುತ್ತಿವೆಯೇ? ಹಾಗಿದ್ದರೆ ಪೆಟ್ಟಿಗೆ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗಿದೆ. ತೊಂದರೆ ಕರೆಂಟಿನದ್ದೋ ಬಿಸಿಯದ್ದೋ ಇರಬಹುದು. 'ಲಾಸ್' ಎಂಬ ದೀಪ ಕೆಂಪಗೆ ಮಿನುಗುತ್ತಿದೆಯೇ? ಹೊರಗಿನಿಂದ ಬರುವ ಫೈಬರ್ ತಂತಿಯ ಬೆಳಕು ಪೆಟ್ಟಿಗೆಯನ್ನು ತಲುಪುತ್ತಿಲ್ಲ ಎಂದರ್ಥ. ಎಲ್ಲ ದೀಪಗಳೂ ಎಂದಿನಂತೆ ಇದ್ದು, ಏನೂ ತೆರೆದುಕೊಳ್ಳುತ್ತಿಲ್ಲವೇ? ಆಗ ಪೆಟ್ಟಿಗೆ ಜೀವಂತವಾಗಿಯೇ ಇದೆ. ಕೆಲಸದ ಒತ್ತಡಕ್ಕೆ ಸಿಕ್ಕಿಹಾಕಿಕೊಂಡಿದೆ. ಕಂಡದ್ದನ್ನು ಗಂಟೆ, ನಿಮಿಷ ಸಮೇತ ಪುಸ್ತಕದಲ್ಲಿ ಬರೆದಿಡಿ.

ದೀಪ ನೋಡಲು ಆಗಲಿಲ್ಲವೆಂದರೆ ಇನ್ನೊಂದು ಸಾಕ್ಷಿಯಿದೆ. ವೈಫೈಗೆ ಸೇರಿಕೊಂಡ ಫೋನಿನ ಬ್ರೌಸರಿನಲ್ಲಿ ರೂಟರಿನ ಅಂಕಿ ವಿಳಾಸ ಟೈಪ್ ಮಾಡಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ವಿಳಾಸವೂ ಪಾಸ್‌ವರ್ಡೂ ಇರುತ್ತವೆ. ತೆರೆದ ಪುಟದಲ್ಲಿ 'ಅಪ್‌ಟೈಮ್' ಎಂಬ ಸಾಲನ್ನು ಹುಡುಕಿ. ಪೆಟ್ಟಿಗೆ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಅದು. ಐದು ನಿಮಿಷ ಎಂದಿದ್ದರೆ ಪೆಟ್ಟಿಗೆ ನಿಜವಾಗಿ ಆಫ್ ಆಗಿತ್ತು. ಆರು ದಿನ ಎಂದಿದ್ದರೆ ಅದು ಆಫ್ ಆಗಿಯೇ ಇಲ್ಲ. ಮನೆಯವರು ಏನೇ ಹೇಳಲಿ, ಈ ಸಾಲು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಪೆಟ್ಟಿಗೆ ಆಫ್ ಆಗುತ್ತಿದೆ ಎಂದು ಖಚಿತವಾದರೆ ಮೊದಲು ಅಡಾಪ್ಟರನ್ನು ನೋಡಿ. ಬಹುತೇಕ ರೂಟರುಗಳ ಅಡಾಪ್ಟರಿನ ಮೇಲೆ 12 ವೋಲ್ಟ್, 1 ಅಥವಾ 1.5 ಆಂಪಿಯರ್ ಎಂಬಂತೆ ಬರೆದಿರುತ್ತದೆ. ವರ್ಷಗಟ್ಟಲೆ ಹಗಲೂ ರಾತ್ರಿಯೂ ಬಿಸಿಯಲ್ಲಿ ಕೂತ ಅಡಾಪ್ಟರಿನೊಳಗಿನ ಕೆಪಾಸಿಟರುಗಳು ಒಣಗುತ್ತಾ ಬರುತ್ತವೆ. ಕೆಲಸ ಹಗುರವಿದ್ದಾಗ ಅದು ನಿಭಾಯಿಸುತ್ತದೆ. ಭಾರ ಹೆಚ್ಚಿದಾಗ ರೂಟರ್ ಹೆಚ್ಚು ಕರೆಂಟು ಕೇಳುತ್ತದೆ, ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ, ಪೆಟ್ಟಿಗೆ ಆರಿ ಹತ್ತುತ್ತದೆ. ಬದಲಿ ಅಡಾಪ್ಟರ್ ತರುವಾಗ ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ತುಸು ಹೆಚ್ಚಿರಬಹುದು, ಕಡಿಮೆಯಾಗಬಾರದು. ಪಿನ್ನಿನ ಅಳತೆ ಮತ್ತು ಪ್ಲಸ್-ಮೈನಸ್ ಗುರುತೂ ಒಂದೇ ಆಗಿರಬೇಕು. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗುವುದು ಒಳ್ಳೆಯದು. ವೋಲ್ಟ್ ಹೆಚ್ಚಿರುವುದನ್ನು ಚುಚ್ಚಿದರೆ ರೂಟರೇ ಸುಟ್ಟೀತು.

ಇಲ್ಲೇ ಇನ್ನೊಂದನ್ನು ಗಮನಿಸಿ. ಹಳ್ಳಿಗಳಲ್ಲಿ ಸಂಜೆಯ ಹೊತ್ತು ಕರೆಂಟು ಕಣ್ಣು ಮಿಟುಕಿಸಿದಂತೆ ಹೋಗಿ ಬರುವುದುಂಟು. ಬಲ್ಬು ಒಮ್ಮೆ ಮಿನುಗಿದರೆ ನಮಗದು ಲೆಕ್ಕಕ್ಕೇ ಇಲ್ಲ. ರೂಟರಿಗೆ ಅಷ್ಟೇ ಸಾಕು. ಇನ್ವರ್ಟರ್ ಇರುವ ಮನೆಯಲ್ಲೂ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ರೂಟರ್ ಆಫ್ ಆಗಬಹುದು. ಬಲ್ಬು ಮಿನುಗಿದ ಹೊತ್ತೂ ಇಂಟರ್‌ನೆಟ್ ನಿಂತ ಹೊತ್ತೂ ನಿಮ್ಮ ಪುಸ್ತಕದಲ್ಲಿ ಒಂದೇ ಆಗಿದ್ದರೆ ಕಾರಣ ಸಿಕ್ಕಂತೆಯೇ. ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಅದಕ್ಕೆ ಪರಿಹಾರ.

ಇನ್ನು ಬಿಸಿ. ನಮ್ಮ ಮನೆಗಳಲ್ಲಿ ರೂಟರಿಗೆ ಸಿಗುವ ಗೌರವವೇ ಅದಕ್ಕೆ ಶತ್ರು. ಕೊರವಂಗಲದ ಸಹೋದರಿಯ ಮನೆಯಲ್ಲೂ ಅದನ್ನು ಶೋಕೇಸಿನೊಳಗೆ ಟಿವಿಯ ಹಿಂದೆ ಇಟ್ಟು, ಧೂಳು ಕೂರದಿರಲೆಂದು ಕ್ರೋಶಾ ಹೆಣೆದ ಬಟ್ಟೆ ಹೊದಿಸಿದ್ದಾರಂತೆ. ಹೆಚ್ಚಿನ ರೂಟರುಗಳನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಸುತ್ತಲಿನ ಗಾಳಿಗೆಂದು ತಯಾರಿಸಿರುತ್ತಾರೆ. ಹೊದಿಕೆಯೊಳಗೆ, ಟಿವಿಯ ಬೆನ್ನಿಗೆ, ಬೇಸಿಗೆಯಲ್ಲಿ ಆ ಮಿತಿ ದಾಟಲು ಹೆಚ್ಚು ಹೊತ್ತು ಬೇಡ. ಪೆಟ್ಟಿಗೆಯ ಸುತ್ತಲಿನ ಸಣ್ಣ ಸಣ್ಣ ಕಿಂಡಿಗಳು ಅಲಂಕಾರಕ್ಕಲ್ಲ, ಉಸಿರಾಟಕ್ಕೆ. ಬಟ್ಟೆ ತೆಗೆದು, ಗಾಳಿಯಾಡುವ ಎತ್ತರದ ಜಾಗದಲ್ಲಿ ಇಡಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಆದ್ದರಿಂದ ಅಡಾಪ್ಟರ್ ಕೊಳ್ಳುವ ಮೊದಲು ಇದನ್ನೇ ಮಾಡಿ ನೋಡಿ.

'ಲಾಸ್' ದೀಪ ಕೆಂಪಾದರೆ ನಿಮ್ಮ ಕೈಯಲ್ಲಿರುವುದು ಸ್ವಲ್ಪವೇ. ಹಳದಿ ಅಥವಾ ಬಿಳಿಯ ಆ ತೆಳು ತಂತಿಯನ್ನು ಬೀರುವಿನ ಹಿಂದೆ ಮಡಚಿದ್ದರೆ, ಮೊಳೆಗೆ ಬಿಗಿಯಾಗಿ ಸುತ್ತಿದ್ದರೆ ಸಡಿಲಿಸಿ. ಅದರೊಳಗಿರುವುದು ಗಾಜಿನ ಎಳೆ. ಕಡಿದಾಗಿ ಬಾಗಿಸಿದರೆ ಬೆಳಕು ಸೋರಿಹೋಗುತ್ತದೆ. ತಂತಿಯನ್ನು ಕಿತ್ತು ಅದರ ತುದಿಯನ್ನು ಕಣ್ಣಿನಿಂದ ನೋಡಬೇಡಿ, ಮಕ್ಕಳಿಗೂ ಬಿಡಬೇಡಿ. ಅದರಲ್ಲಿರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ಉಳಿದದ್ದು ಕಂಪೆನಿಯ ಹುಡುಗರ ಕೆಲಸ.

ದೀಪಗಳೆಲ್ಲ ಸರಿಯಿದ್ದೂ ಏನೂ ತೆರೆಯದಿದ್ದರೆ ವಿಷಯ ಬೇರೆ. ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆಯ ಕಾಲವನ್ನು ನೆನೆಯಿರಿ. ಒಂದೇ ತೂಕದ ಕಟ್ಟೆ. ನೂರು ಮೂಟೆ ತುಂಬಿದ ಲಾರಿಗಳು ಸಾಲಾಗಿ ನಿಂತಿವೆ. ಅವುಗಳ ಹಿಂದೆ ಒಬ್ಬಾಕೆ ಒಂದು ಚೀಲ ಹಿಡಿದು ನಿಂತಿದ್ದಾಳೆ. ತೂಕದವನು ಬಂದ ಸಾಲಿನಲ್ಲೇ ತೂಗುತ್ತಾ ಹೋದರೆ ಆಕೆಯ ಸರದಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ರೂಟರಿನಲ್ಲೂ ಇಂಥ ಸಾಲಿದೆ. ಗೇಮಿನ ಮೂಟೆಗಳು ಸಾಲನ್ನು ತುಂಬಿಬಿಡುತ್ತವೆ. ಅಬ್ಬಾನ ದನಿಯ ತುಣುಕುಗಳು, ತಜ್‌ವೀದ್ ಪಾಠದ ತುಣುಕುಗಳು ಹಿಂದೆ ಸಿಕ್ಕಿಬೀಳುತ್ತವೆ. ಎರಡು ಮೂರು ಕ್ಷಣ ತಡವಾಗಿ ಬಂದ ದನಿಯಿಂದ ಮಾತುಕತೆಗೆ ಪ್ರಯೋಜನವಿಲ್ಲ. ಆಗ ಕರೆ ಕಡಿಯುತ್ತದೆ. ನಾವು ಇಂಟರ್‌ನೆಟ್ ಸತ್ತಿತು ಎನ್ನುತ್ತೇವೆ.

ಇದು ಹಳ್ಳಿಯ ಬಡ ಸಂಪರ್ಕದ ಶಾಪವೇನಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಕೇವಲ 400 ಗಜ ಅಂತರದ ಎರಡು ಸಂಸ್ಥೆಗಳ ನಡುವಿನ ಸಂಪರ್ಕ ಇದೇ ಬಗೆಯ ದಟ್ಟಣೆಯಿಂದ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿದಿತ್ತು. ಅದರ ಕಾರಣ ಹುಡುಕಿದವರಲ್ಲಿ ವ್ಯಾನ್ ಜೇಕಬ್‌ಸನ್ ಪ್ರಮುಖರು. ಕಳುಹಿಸುವವರು ದಟ್ಟಣೆ ಕಂಡಾಗ ತಾವೇ ವೇಗ ತಗ್ಗಿಸುವ ಪದ್ಧತಿ ಆ ಬಳಿಕ ಬಂತು. 2010ರಲ್ಲಿ ಜಿಮ್ ಗೆಟ್ಟಿಸ್ ಎಂಬ ಅನುಭವಿ ತಂತ್ರಜ್ಞರು ತಮ್ಮ ಮನೆಯಿಂದಲೇ ದೊಡ್ಡ ಕಡತ ಕಳುಹಿಸುವಾಗ ಇಂಟರ್‌ನೆಟ್ ತೆವಳುವುದನ್ನು ಕಂಡು ಬೆನ್ನುಹತ್ತಿದರು. ಪೆಟ್ಟಿಗೆಗಳೊಳಗಿನ ಸಾಲಿನ ಜಾಗ ಅತಿಯಾಗಿ ದೊಡ್ಡದಾಗಿರುವುದೇ ಕಾರಣ ಎಂದು ತೋರಿಸಿ, ಆ ದೋಷಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಎಂಬ ಮಹಿಳೆ ಅದೇ ಜೇಕಬ್‌ಸನ್ ಜೊತೆ ಸೇರಿ ಸಾಲು ಬೆಳೆಯದಂತೆ ನೋಡಿಕೊಳ್ಳುವ ವಿಧಾನ ಕೊಟ್ಟರು. ಅದರ ಮುಂದುವರಿದ ರೂಪವೊಂದು ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಬಿಡುತ್ತದೆ. ಲಾರಿಯ ಒಂದು ಮೂಟೆ ತೂಗಿದ ಮೇಲೆ ಚೀಲದಾಕೆಯ ಸರದಿ. ನ್ಯಾಯ ಎಂದರೆ ಇದೇ ಅಲ್ಲವೇ?

ಕೆಲವು ರೂಟರುಗಳಲ್ಲಿ ಇದು 'ಎಸ್‌ಕ್ಯುಎಂ' ಅಥವಾ 'ಕ್ಯುಓಎಸ್' ಎಂಬ ಹೆಸರಿನಲ್ಲಿರುತ್ತದೆ. ಇದ್ದರೆ ಆನ್ ಮಾಡಿ. ಕಂಪೆನಿ ಕೊಟ್ಟ ಎಷ್ಟೋ ಪೆಟ್ಟಿಗೆಗಳಲ್ಲಿ ಇರುವುದಿಲ್ಲ. ಚಿಂತೆಯಿಲ್ಲ, ಲಾರಿಯವನಿಗೇ ನಿಧಾನವಾಗಿ ಬಾ ಎನ್ನಬಹುದು. ಗೇಮ್ ಇಳಿಸುವ ಸ್ಟೀಮ್ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ ವೇಗಕ್ಕೆ ಮಿತಿ ಹಾಕುವ ಸೌಲಭ್ಯವಿದೆ. ನಿಮ್ಮ ಸಂಪರ್ಕ 40 ಎಂಬಿಪಿಎಸ್ ಆದರೆ ಗೇಮಿಗೆ 25 ಕೊಡಿ. ಉಳಿದ 15ರಲ್ಲಿ ತಜ್‌ವೀದ್ ತರಗತಿಯೂ ದುಬೈ ಕರೆಯೂ ಸುಸೂತ್ರವಾಗಿ ನಡೆಯುತ್ತವೆ. ಅಂಕಿ ಹಾಕುವಾಗ ಬಿಟ್ ಮತ್ತು ಬೈಟ್ ನಡುವೆ ಎಚ್ಚರವಿರಲಿ. ಎಂಟು ಬಿಟ್ ಸೇರಿ ಒಂದು ಬೈಟ್. 25 ಮೆಗಾಬಿಟ್ ಎಂದರೆ ಸುಮಾರು 3 ಮೆಗಾಬೈಟ್ ಮಾತ್ರ. ಈ ವೇಗದಲ್ಲಿ 100 ಜಿಬಿ ಗೇಮ್ ಇಳಿಯಲು ಒಂಬತ್ತು ಗಂಟೆ ಹತ್ತಿರ ಬೇಕು. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಏಳರ ಚಹಾದ ಹೊತ್ತಿಗೆ ಮುಗಿದಿರುತ್ತದೆ. ನಡುವೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಸಾಲಿನ ತೊಂದರೆಯೋ, ಪೆಟ್ಟಿಗೆಯೇ ಸ್ತಬ್ಧವಾದದ್ದೋ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಏನನ್ನೂ ಆಫ್ ಮಾಡದೆ ಡೌನ್‌ಲೋಡನ್ನು ಮಾತ್ರ ತಡೆಹಿಡಿಯಿರಿ. ಒಂದು ನಿಮಿಷದೊಳಗೆ ಎಲ್ಲರ ಇಂಟರ್‌ನೆಟ್ ಮರಳಿದರೆ ಅದು ಸಾಲು. ಪ್ಲಗ್ ಕಿತ್ತು ಹಾಕುವವರೆಗೂ ಮರಳದಿದ್ದರೆ ಪೆಟ್ಟಿಗೆ ಬಿಸಿಗೆ ಅಥವಾ ಲೆಕ್ಕ ತಪ್ಪಿ ನಿಂತಿದೆ. ಲೆಕ್ಕ ಎಂದೆ. ಮನೆಯ ಯಾವ ಸಾಧನ ಹೊರಗಿನ ಯಾವ ಕಂಪ್ಯೂಟರಿನ ಜೊತೆ ಮಾತಿನಲ್ಲಿದೆ ಎಂಬ ಪಟ್ಟಿಯನ್ನು ರೂಟರ್ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಸಣ್ಣ ಪೆಟ್ಟಿಗೆಗೆ ನೆನಪೂ ಸಣ್ಣದು. ಟೊರೆಂಟ್ ಮೂಲಕ ಇಳಿಸುವವರು ಒಂದೇ ಸಲಕ್ಕೆ ನೂರಾರು ಸಂಪರ್ಕ ತೆರೆದು ಆ ಪಟ್ಟಿಯನ್ನು ತುಂಬಿಸಿಬಿಡುತ್ತಾರೆ. ಹಾಗೆ ಇಳಿಸಿದ ಗೇಮ್ ಕದ್ದ ಪ್ರತಿಯಾಗಿದ್ದರೆ ಅದು ಪರರ ಹಕ್ಕಿನ ಪ್ರಶ್ನೆಯೂ ಹೌದು. ಅದನ್ನು ನಿಲ್ಲಿಸಿ. ಬಳಿಕ ಕಂಪೆನಿಯವರನ್ನು ಕೇಳಿ ರೂಟರಿನ ಒಳಗಿನ ತಂತ್ರಾಂಶವನ್ನು ಹೊಸದಕ್ಕೆ ಬದಲಾಯಿಸಿಸಿ.

ಒಂದು ಎಚ್ಚರಿಕೆ. ಪೆಟ್ಟಿಗೆಯ ಹಿಂದೆ ಸೂಜಿಗಾತ್ರದ ತೂತೊಂದಿರುತ್ತದೆ. 'ರೀಸೆಟ್' ಎಂದು ಬರೆದಿರುತ್ತದೆ. ಪಿನ್ನು ಹಾಕಿ ಅದನ್ನು ಒತ್ತಬೇಡಿ. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಕಂಪೆನಿಯವರು ತುಂಬಿದ್ದ ಹೆಸರು, ಪಾಸ್‌ವರ್ಡ್ ಎಲ್ಲವೂ ಅಳಿಸಿಹೋಗಬಹುದು. ಆಗ ಅರ್ಧ ಕೆಟ್ಟದ್ದು ಪೂರ್ತಿ ಕೆಟ್ಟಂತಾಗುತ್ತದೆ.

ಈಗ ಪರೀಕ್ಷೆಯ ಕ್ರಮ. ಒಂದು ರಾತ್ರಿಗೆ ಒಂದೇ ಬದಲಾವಣೆ. ಮೊದಲ ರಾತ್ರಿ ಬಟ್ಟೆ ತೆಗೆದು ಗಾಳಿಗಿಡಿ, ಡೌನ್‌ಲೋಡ್ ಹಾಕಿ ನೋಡಿ. ನಿಂತರೆ, ಎರಡನೇ ರಾತ್ರಿ ಕಂಪ್ಯೂಟರನ್ನು ವೈಫೈ ಬದಲು ಲ್ಯಾನ್ ಕೇಬಲಿನಿಂದ ಜೋಡಿಸಿ. ಹಾಗೆ ಮಾಡಿದಾಗ ನಿಲ್ಲದಿದ್ದರೆ ದೋಷ ವೈಫೈ ಭಾಗದಲ್ಲಿದೆ. ಮೂರನೇ ರಾತ್ರಿ ವೇಗಕ್ಕೆ ಮಿತಿ. ನಾಲ್ಕನೇ ರಾತ್ರಿ ಬದಲಿ ಅಡಾಪ್ಟರ್. ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದು ರುಚಿ ತಿದ್ದಲು ಆಗುವುದೇ?

ಈ ಪುಸ್ತಕ ಬರೆಯುವ ಕೆಲಸವನ್ನು ಮಗನಿಗೇ ಕೊಡಿ. ನೀವು ಜೊತೆಗೆ ಕೂತುಕೊಳ್ಳಿ. ಆರೋಪಿಯಾಗಿ ನಿಂತಿದ್ದ ಹುಡುಗ ಕಾರಣ ಹುಡುಕುವವನಾಗುತ್ತಾನೆ. ನಾಲ್ಕು ರಾತ್ರಿಗಳ ಬಳಿಕವೂ ಸರಿಯಾಗದಿದ್ದರೆ ಕಂಪೆನಿಗೆ ಫೋನ್ ಮಾಡಿ. ಪತಿ ದೂರದಲ್ಲಿದ್ದಾರೆಂದು ಕಾಯಬೇಡಿ, ನೀವೇ ಮಾಡಿ. "ನೆಟ್ ಬರುತ್ತಿಲ್ಲ" ಎಂದರೆ "ಆಫ್ ಮಾಡಿ ಆನ್ ಮಾಡಿ" ಎಂಬ ಉತ್ತರ ಸಿಗುತ್ತದೆ. "ದೊಡ್ಡ ಡೌನ್‌ಲೋಡ್ ಹಾಕಿದ ಇಪ್ಪತ್ತು ನಿಮಿಷಕ್ಕೆ ಎಲ್ಲ ದೀಪ ಆರಿ ಹತ್ತುತ್ತವೆ, ಅಪ್‌ಟೈಮ್ ಸೊನ್ನೆಯಿಂದ ಶುರುವಾಗುತ್ತದೆ, ಅಡಾಪ್ಟರ್ ಬದಲಾಯಿಸಿದರೂ ಹಾಗೆಯೇ" ಎಂದು ಹೇಳಿದರೆ ಬರುವವನು ಬದಲಿ ಪೆಟ್ಟಿಗೆ ಹಿಡಿದೇ ಬರುತ್ತಾನೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಮರೆಯಬೇಡಿ.

ಯಂತ್ರ ಸರಿಯಾದ ಮೇಲೆ ಮೊದಲಿನ ಪ್ರಶ್ನೆ ಉಳಿದೇ ಇರುತ್ತದೆ. ಮಗ ಏನು ಆಡುತ್ತಿದ್ದಾನೆ, ಎಷ್ಟು ಹೊತ್ತು, ಯಾರೊಂದಿಗೆ, ನಮಾಝಿನ ವೇಳೆಗೆ ಏಳುತ್ತಾನೆಯೇ ಎಂಬುದನ್ನೆಲ್ಲ ಕೇಳುವ ಹಕ್ಕು ತಾಯಿಗಿದೆ. ಆಟದಲ್ಲಿ ಹಣ ಪಣಕ್ಕಿಡುವುದಿದ್ದರೆ ಅದು ಜೂಜು, ಅಲ್ಲಿ ಮಾತುಕತೆಗೆ ಎಡೆಯೇ ಇಲ್ಲ. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ನಮ್ಮ ಸಂಸತ್ತು ಕೂಡ 2025ರ ಆಗಸ್ಟಿನಲ್ಲಿ ಕಾನೂನು ಅಂಗೀಕರಿಸಿದೆ. ಉಳಿದ ಆಟಗಳ ಬಗ್ಗೆ ಮನೆಯವರೆಲ್ಲ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಸಂಜೆ ಪಾಠಕ್ಕೆ ಮತ್ತು ಅಬ್ಬಾನ ಕರೆಗೆ, ರಾತ್ರಿ ಹತ್ತರ ಮೇಲೆ ಡೌನ್‌ಲೋಡಿಗೆ. ಡೌನ್‌ಲೋಡ್ ತಾನಾಗಿ ನಡೆಯುತ್ತದೆ, ಅದಕ್ಕಾಗಿ ಹುಡುಗ ಎಚ್ಚರವಿರಬೇಕಿಲ್ಲ. ಶೂರಾ ಎಂದರೆ ದೊಡ್ಡ ಸಭೆಯೇ ಆಗಬೇಕಿಲ್ಲ, ಊಟದ ಸುಫ್ರಾದ ಸುತ್ತಲೂ ನಡೆಯಬಹುದು. ಬೀಗ ಹಾಕಿದ ಬೀರುವಿಗಿಂತ ಒಪ್ಪಿಕೊಂಡ ಮಾತು ಹೆಚ್ಚು ಕಾಲ ಬಾಳುತ್ತದೆ.

ಕೊನೆಗೊಂದು ಮಾತು. ಇಂಥ ತನಿಖೆಯಲ್ಲಿ ಮಗು ನಿರ್ದೋಷಿ ಎಂದು ಕಂಡುಬಂದರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಯಾರೆಲ್ಲರ ಮುಂದೆ ಬೈದಿರೋ ಅವರೆಲ್ಲರ ಮುಂದೆಯೇ "ತಪ್ಪು ನಿನ್ನದಲ್ಲ" ಎಂದು ಹೇಳಿ. ದಾದಿಯ ಮುಂದೆ ಹೇಳಿ, ಅಬ್ಬಾನಿಗೆ ಫೋನಿನಲ್ಲಿ ಹೇಳಿ. ಹಿರಿಯರು ಹೀಗೆ ಹೇಳಿದರೆ ಅವರ ಗೌರವ ಕುಂದುವುದಿಲ್ಲ. ನಾಳೆ ನಿಜವಾಗಿ ತಪ್ಪು ಮಾಡಿದ ದಿನ ಆ ಮಗು ಬಚ್ಚಿಡದೆ ಬಂದು ಹೇಳುವ ಧೈರ್ಯ ಅವನಿಗೆ ಸಿಗುವುದು ಇಂಥ ಮಾತಿನಿಂದಲೇ. ಅಲ್ಲಾಹನು ನಮ್ಮ ಮನೆಗಳಲ್ಲಿ ನ್ಯಾಯವನ್ನೂ ಪರಸ್ಪರ ನಂಬಿಕೆಯನ್ನೂ ಉಳಿಸಲಿ. ಆಮೀನ್.